ಮುಐದರ್‌ನ ಮಜ್ಲಿಸಿಗೆ ಬಂದ ನಿಕಾಹ್

ಲ್ಯಾಪ್‌ಟಾಪಿನ ಸೌಂಡನ್ನು ಟೀವಿಗೋ ರಿಸೀವರಿಗೋ ಕೊಡುವುದು ಹೇಗೆಂದು ಕೇಳಿಕೊಂಡು ಬರುವವರನ್ನೆಲ್ಲ ಅಂಗಡಿಯವರು ಅಲಿಯಬ್ಬನ ಕೌಂಟರಿಗೇ ಕಳಿಸುತ್ತಿದ್ದರು. ಅದು ದೋಹಾದ ಅಲ್ ಮನ್ಸೂರಾದಲ್ಲಿರುವ ಅಶ್ರಫ್ ಹಾಜಿಯ ಎಲೆಕ್ಟ್ರಾನಿಕ್ಸ್ ಅಂಗಡಿ. ಅಲಿಯಬ್ಬ ಅಲ್ಲಿಯ ಹಳೆಯ ಕೆಲಸಗಾರ, ಜೊತೆಗೆ ಹಾಜಿಯ ತಂಗಿ ಸುಬೈದಾಳ ಗಂಡ. ಗಿರಾಕಿ ಬಂದು, "ಪಿಕ್ಚರ್ ಬರ್ತದೆ, ಸೌಂಡ್ ಬರುವುದಿಲ್ಲ" ಎಂದರೆ ಅವನು ನಗುತ್ತಿರಲಿಲ್ಲ, ಅವಸರವನ್ನೂ ಮಾಡುತ್ತಿರಲಿಲ್ಲ. ರಟ್ಟಿನ ತುಂಡಿನ ಮೇಲೆ ಒಂದು ಚೌಕ ಬರೆದು ಇದು ನಿಮ್ಮ ಲ್ಯಾಪ್‌ಟಾಪ್ ಎನ್ನುತ್ತಿದ್ದ; ಇನ್ನೊಂದು ಚೌಕ ಬರೆದು ಇದು ರಿಸೀವರ್, ಸೌಂಡನ್ನು ದೊಡ್ಡದು ಮಾಡಿ ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ, ನಡುವೆ ಈ ವೈರು, ಸಣ್ಣ ತುದಿ ಇಯರ್‌ಫೋನಿನ ತೂತಿಗೆ, ಕೆಂಪು ಬಿಳಿ ತುದಿಗಳು ಪೆಟ್ಟಿಗೆಯ ಬೆನ್ನಿಗೆ ಎಂದು ಮಗುವಿಗೆ ಹೇಳಿದಂತೆ ಹೇಳುತ್ತಿದ್ದ. ಗಿರಾಕಿ ಹೊರಟುಹೋದ ಮೇಲೂ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ವೈರಿನ ಉದ್ದ ಸಾಕಾಗುತ್ತದೋ ಇಲ್ಲವೋ ಎಂಬ ಸಂಶಯ ಹುಟ್ಟಿ, ಬೀದಿಯ ಬಿಸಿಲಿಗೆ ಇಳಿದು ಬೆನ್ನಟ್ಟಿ ಹೋಗಿ ಕೇಳಿದ್ದೂ ಉಂಟು. ಊರಿನಲ್ಲಿದ್ದಾಗ ಹಗಲು ಬೀಡಿ ಬ್ರಾಂಚಿನಲ್ಲಿ ಎಲೆ ತೂಗಿ, ಸಂಜೆ ರೇಡಿಯೋ ರಿಪೇರಿಯ ಕ್ಲಾಸಿಗೆ ಹೋಗಿ ಕಲಿತ ವಿದ್ಯೆ ಅದು. ಸಂಜೆಯ ಕಲಿಕೆ ಸಂಜೆಯ ಕಲಿಕೆಯೇ, ಅರ್ಧ ನಿದ್ದೆಯಲ್ಲಿ ಕಲಿತದ್ದರಲ್ಲಿ ಎಲ್ಲೋ ಒಂದು ಮುಖ್ಯವಾದ ಪಾಠ ತಪ್ಪಿಹೋಗಿರಬೇಕು ಎಂಬ ಅಳುಕು ಅವನನ್ನು ಬಿಟ್ಟಿರಲಿಲ್ಲ.

ಇಂಥ ಅಲಿಯಬ್ಬನ ಮಗಳು ರೈಹಾನಾಳಿಗೆ ಗಂಡು ಗೊತ್ತಾಯಿತು. ಗಂಡನ್ನು ಹುಡುಕಿದವನು ಅಶ್ರಫ್ ಹಾಜಿ. ಉಪ್ಪಿನಂಗಡಿಯಲ್ಲಿ ಮದುವೆಯ ಹಾಲ್ ಹಿಡಿದವನು ಅಶ್ರಫ್ ಹಾಜಿ. ಶುಕ್ರವಾರ ಇಳಿಹೊತ್ತಿನ ಅಸರ್ ನಮಾಝಿನ ನಂತರ ನಿಕಾಹ್ ಎಂದು ದಿನ ಇಟ್ಟವನೂ ಅವನೇ. ಆ ದಿನಕ್ಕೆ ದೋಹಾದಿಂದ ಹೊರಡುವವನೂ ಅವನೊಬ್ಬನೇ ಎಂದು ಅಲಿಯಬ್ಬನಿಗೆ ತಿಳಿದದ್ದು ತನ್ನ ರಜೆಯ ಮಾತು ಎತ್ತಿದಾಗ.

"ಇಬ್ರೂ ಹೋದ್ರೆ ಅಂಗಡಿಗೆ ಯಾರು ಭಾವ?" ಹಾಜಿ ಬೇಸರದಿಂದಲ್ಲ, ನಿಜವಾದ ಚಿಂತೆಯಿಂದಲೇ ಕೇಳಿದ್ದ. "ಹೊಸ ಬ್ರಾಂಚಿನ ಸ್ಟಾಕ್ ಅದೇ ವಾರ ಇಳೀತದೆ. ಬೀಗದ ಕೀ ನಿಮ್ಮ ಕೈಲಿ ಅಲ್ಲದೆ ಮತ್ತ್ಯಾರ ಕೈಲಿ ಕೊಡ್ಲಿ? ನೀವೇ ಹೋಗ್ತೀರಾದ್ರೆ ಹೋಗಿ, ನಾನಿಲ್ಲಿ ನಿಲ್ತೇನೆ. ಆದ್ರೆ ಹಾಲ್‌ನವ್ರು, ಅಡಿಗೆಯವ್ರು, ಹುಡುಗನ ಕಡೆಯ ದೊಡ್ಡವ್ರು, ಇವ್ರ ಹತ್ರ ಎಲ್ಲ ಮಾತಾಡಿ ಸುಧಾರಿಸ್ಲಿಕ್ಕೆ ನಿಮ್ಮಿಂದ ಆಗ್ತದಾ?"

ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ನೀನೇ ಹೋಗು" ಎಂದು ಅಲಿಯಬ್ಬ ಹೇಳಿದ. ಹೇಳಿದ ಮೇಲೆ, ತಾನು ಹಾಗೆ ಹೇಳಲಿ ಎಂದೇ ಹಾಜಿ ಪ್ರಶ್ನೆಯನ್ನು ಹಾಗೆ ಕೇಳಿದ್ದನೋ ಏನೋ ಎಂದು ಎರಡು ದಿನ ತಲೆ ಕೆಡಿಸಿಕೊಂಡ.

ಹಾಜಿ ಕೆಟ್ಟವನಲ್ಲ. ಕೊಡುವ ಕೈ ಅವನದು. ಕೊಟ್ಟದ್ದನ್ನು ಮರೆಯದಿರುವುದೇ ಅವನ ತೊಂದರೆ. ಅಲಿಯಬ್ಬನಿಗೆ ಕತಾರಿನ ವೀಸಾ ಕೊಟ್ಟದ್ದು ಅವನು. ಅದಾಗಿ ಎಷ್ಟು ವರ್ಷವಾದರೂ ಹೊಸಬರಿಗೆ ಪರಿಚಯ ಮಾಡಿಸುವಾಗ, "ಇವ್ರು ನಮ್ಮ ಭಾವ, ನಾನೇ ತಂದದ್ದು" ಎಂದೇ ಶುರು. ಮನೆಗೆ ಮಾಳಿಗೆ ಹಾಕಿಸುವಾಗ ಕೈಯಾಸರೆ ಕೊಟ್ಟಿದ್ದ, ಊರಿಗೆ ಹೋದಾಗಲೆಲ್ಲ ಅಂಗಳದಲ್ಲಿ ನಿಂತು ಮೇಲೆ ನೋಡಿ, "ಸೋರುವುದಿಲ್ಲ ಅಲ್ವಾ ಸುಬೈದಾ?" ಎಂದು ಬೀದಿಗೆ ಕೇಳುವ ಹಾಗೆ ಕೇಳುತ್ತಿದ್ದ. ಬಿ.ಎಡ್. ಮುಗಿಸಿದ ರೈಹಾನಾ ಅವನ ಬಾಯಲ್ಲಿ "ನಾನು ಓದಿಸಿದ ಹುಡುಗಿ" ಆಗಿದ್ದಳು. ಉಪಕಾರದ ಅನ್ನ ಹೊಟ್ಟೆ ತುಂಬಿಸುತ್ತದೆ, ಆದರೆ ಗಂಟಲಲ್ಲಿ ಒಂದು ಅಗುಳು ಉಳಿದೇ ಇರುತ್ತದೆ.

ಅದಕ್ಕೇ ರೈಹಾನಾ ಫೋನಿನಲ್ಲಿ ಆ ಮಾತು ಎತ್ತಿದ್ದು.

"ಉಪ್ಪ, ನನ್ನನ್ನು ಕೊಡುವುದು ಯಾರು?"

ಮಗಳನ್ನು ನಿಕಾಹ್ ಮಾಡಿಕೊಡುವ ಹಕ್ಕು ತಂದೆಯದು. ಅವನನ್ನು ವಲಿ ಎನ್ನುತ್ತಾರೆ. ಮದುಮಗನ ಕೈಹಿಡಿದು, ಸಾಕ್ಷಿಗಳ ಎದುರು, ಇವಳನ್ನು ನಿನಗೆ ಕೊಟ್ಟಿದ್ದೇನೆ ಎಂದು ಹೇಳುವವನು ಅವನು. ಅವನು ದೂರ ದೇಶದಲ್ಲಿದ್ದರೆ ತನ್ನ ಬದಲು ಹೇಳಲು ಇನ್ನೊಬ್ಬನಿಗೆ ವಕಾಲತ್ತು ಕೊಡಬಹುದು. ಗಲ್ಫಿನಲ್ಲಿರುವ ಅಪ್ಪಂದಿರು ಸಾಮಾನ್ಯವಾಗಿ ಮಸೀದಿಯ ಖತೀಬರಿಗೇ ಫೋನಿನಲ್ಲಿ ವಕಾಲತ್ತು ಕೊಟ್ಟುಬಿಡುತ್ತಾರೆ. ಖತೀಬರು ಎಲ್ಲರಿಗೂ ಸೇರಿದವರು. ಅವರು ಕೊಟ್ಟರೆ ಯಾರ ಹಂಗೂ ಇಲ್ಲ.

"ಮಾಮ ಎಲ್ಲರ ಹತ್ರ ಹೇಳ್ತಾ ಇದ್ದಾರೆ, ನಾನೇ ಕೈಹಿಡಿದು ಕೊಡುವುದು ಅಂತ" ಎಂದಳು ರೈಹಾನಾ. "ಅವ್ರು ಕೊಟ್ರೆ ಅದನ್ನು ನಾನು ಸಾಯುವವರೆಗೆ ಕೇಳ್ಬೇಕು ಉಪ್ಪ. ಗಂಡನ ಮನೆಯಲ್ಲಿ ಏನಾದ್ರೂ ಒಂದು ಮಾತು ಬಂದ್ರೂ, 'ನಾನು ಕೊಟ್ಟ ಹುಡುಗಿ' ಅಂತ ಅಲ್ಲಿಗೆ ಬಂದು ಕೂತ್ಕೊಳ್ತಾರೆ. ನೀವು ಖತೀಬರಿಗೆ ಕೊಡಿ. ಅಷ್ಟು ಮಾಡಿ ನನಗೆ. ಬೇರೆ ಎಂತದೂ ಬೇಡ."

ಹುಟ್ಟಿದಾಗಿನಿಂದ ಅವಳು ಅಪ್ಪನ ಹತ್ತಿರ ಬೇಡವೆಂದದ್ದೇ ಹೆಚ್ಚು. ಬೇಕೆಂದು ಕೇಳಿದ್ದು ಇದೊಂದೇ. "ಆಯ್ತು ಮಗಳೇ, ನಾನೇ ಹೇಳ್ತೇನೆ" ಎಂದ ಅಲಿಯಬ್ಬ.

ಅದೇ ವಾರ ಖತೀಬರಿಗೆ ಫೋನ್ ಮಾಡಿದನಾದರೂ, ವಕಾಲತ್ತು ಯಾರಿಗೆ ಎಂಬುದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದರೆ ಅದು ಸುಬೈದಾಳ ಕಿವಿಗೆ ಬೀಳುತ್ತದೆ, ಅಲ್ಲಿಂದ ಹಾಜಿಗೆ, ಆಮೇಲೆ ಮದುವೆಯ ಮೊದಲೇ ಮುಖ ಊದಿಸಿಕೊಳ್ಳುವುದು. "ವಕಾಲತ್ತಿನ ವಿಷಯ ಉಸ್ತಾದ್, ನಾನು ಆ ಹೊತ್ತಿಗೆ ವಿಡಿಯೋದಲ್ಲಿ ಇರ್ತೇನೆ, ಆಗಲೇ ಹೇಳ್ತೇನೆ" ಎಂದ. ಖತೀಬರಿಗೂ ಅದು ಒಪ್ಪಿಗೆಯಾಯಿತು. ಸಾಕ್ಷಿಗಳೆಲ್ಲ ಒಟ್ಟಿಗೆ ನಿಮ್ಮ ದನಿ ಕೇಳಿದ ಹಾಗಾಯಿತು, ಒಳ್ಳೆಯದೇ ಎಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬುದು ಅಲಿಯಬ್ಬನ ಲೆಕ್ಕ. ತುಂಬಿದ ಸಭೆಯಲ್ಲಿ ತಂದೆಯ ಬಾಯಿಂದ ಖತೀಬರ ಹೆಸರು ಬಂದಮೇಲೆ ಯಾರು ತಾನೆ ಅಡ್ಡ ಮಾತಾಡುತ್ತಾರೆ? ಧೈರ್ಯ ಸಾಲದವನು ಧೈರ್ಯದ ಕೆಲಸವನ್ನು ದೂರದಿಂದ ಮಾಡಿ ಮುಗಿಸಲು ಹೊರಟಿದ್ದ.

ಹೊರಡುವ ಮೊದಲು ಹಾಜಿ ಮುಐದರ್‌ನಲ್ಲಿರುವ ತನ್ನ ವಿಲ್ಲಾದ ಬೀಗದ ಕೈಯನ್ನೂ ಕೊಟ್ಟ. "ಆ ನಿಮ್ಮ ಬ್ಯಾಚುಲರ್ ರೂಮಿನಲ್ಲಿ ಮೊಬೈಲ್ ಹಿಡ್ಕೊಂಡು ನೋಡ್ಬೇಡಿ ಭಾವ. ನಮ್ಮ ಮಜ್ಲಿಸಿನಲ್ಲಿ ದೊಡ್ಡ ಟೀವಿ ಉಂಟು, ರಿಸೀವರ್ ಉಂಟು, ಐದು ಸ್ಪೀಕರ್ ಉಂಟು. ಜನ ಕರೀರಿ. ಬಿರಿಯಾನಿ ನನ್ನ ಲೆಕ್ಕದಲ್ಲಿ. ಹಾಲಿನಲ್ಲೇ ಕೂತ ಹಾಗೆ ಆಗ್ಬೇಕು." ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ಅಂಥ ಮನುಷ್ಯನ ವಿಷಯದಲ್ಲಿ ತಾನು ಒಳಗೊಳಗೇ ಸಂಚು ಹೂಡುತ್ತಿದ್ದೇನೆ ಎಂದು ಅಲಿಯಬ್ಬನಿಗೆ ನಾಚಿಕೆಯಾಯಿತು.

ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿನಲ್ಲಿ ಲ್ಯಾಪ್‌ಟಾಪನ್ನೂ ವೈರುಗಳ ಚೀಲವನ್ನೂ ಹೊತ್ತುಕೊಂಡು ಮುಐದರ್‌ಗೆ ಹೋಗಿ, ಅತಿಥಿಗಳನ್ನು ಕೂರಿಸುವ ಆ ಮಜ್ಲಿಸಿನಲ್ಲಿ ಕೆಲಸಕ್ಕೆ ಕೂತ. ಪಿಕ್ಚರಿನ ವೈರು ಟೀವಿಗೆ. ಸೌಂಡನ್ನು ಟೀವಿಯ ಮೂಲಕ ಕೊಟ್ಟು ನೋಡಿದ; ತುಟಿ ಅಲುಗಿದ ಮೇಲೆ ಮಾತು ಬರುತ್ತಿತ್ತು. ಅದು ಬೇಡವೆಂದು, ತಾನು ಗಿರಾಕಿಗಳಿಗೆ ಹೇಳುವ ಹಾಗೆಯೇ ಇಯರ್‌ಫೋನಿನ ತೂತಿನಿಂದ ವೈರು ಎಳೆದು ನೇರ ರಿಸೀವರಿನ ಬೆನ್ನಿಗೆ ಸಿಕ್ಕಿಸಿದ. ಗುಂಯ್ ಎಂದು ದುಂಬಿಯ ದನಿ ಬಂತು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದ, ದುಂಬಿ ನಿಂತಿತು. ರೈಹಾನಾಳಿಗೆ ವಿಡಿಯೋ ಕರೆ ಮಾಡಿದ. ಕೈಯ ಮದರಂಗಿಯನ್ನು ಒಣಗಲು ಬಿಟ್ಟುಕೊಂಡು ಅವಳು ದೊಡ್ಡ ಪರದೆಯ ತುಂಬ ಬಂದು ಕೂತಳು.

"ಕೇಳ್ತದಾ ಮಗಳೇ?"

"ಸರೀ ಕೇಳ್ತದೆ ಉಪ್ಪ. ನೀವು ಪಕ್ಕದಲ್ಲೇ ಕೂತ ಹಾಗೆ."

"ನಾಳೆ ನಾನು ಹೇಳುವುದನ್ನು ಈಗ ಒಮ್ಮೆ ಹೇಳ್ತೇನೆ, ಕೇಳು." ಅಲಿಯಬ್ಬ ಗಂಟಲು ಸರಿಮಾಡಿಕೊಂಡು, "ನನ್ನ ಮಗಳು ರೈಹಾನಾಳ ನಿಕಾಹ್ ಮಾಡಿಕೊಡಲು ಖತೀಬರಾದ ನಿಮಗೆ ವಕಾಲತ್ತು ಕೊಟ್ಟಿದ್ದೇನೆ" ಎಂದ. ಅವಳು ಮುಖ ತಗ್ಗಿಸಿದಳು. ಆಮೇಲೆ ಅವಳೇ ನಗುತ್ತ, "ಇನ್ನೊಮ್ಮೆ ಹೇಳಿ, ಸ್ವಲ್ಪ ಜೋರು" ಎಂದಳು. ಅವನು ಇನ್ನೊಮ್ಮೆ ಹೇಳಿದ.

ಎಲ್ಲ ಸರಿಯಿತ್ತು. ಆದರೆ ಆ ಕೋಣೆಯಲ್ಲಿ ಅವನೊಬ್ಬನೇ ಇದ್ದ, ಸೌಂಡ್ ಸಣ್ಣಗಿತ್ತು. ಆ ಕಡೆಯಲ್ಲೂ ಅವಳ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಒಂದು ಮನೆಗೂ ಒಂದು ಮನೆಗೂ ನಡುವಿನ ಮಾತನ್ನು ಪರೀಕ್ಷೆ ಮಾಡಿ, ಒಂದು ಸಭೆಗೂ ಒಂದು ಸಭೆಗೂ ನಡುವಿನ ಮಾತು ಸರಿಯಾಗುತ್ತದೆ ಎಂದು ಅವನು ನಂಬಿಕೊಂಡ. ಬರುವ ಸೌಂಡಿನ ಬಗ್ಗೆಯೇ ಅವನ ತಲೆ ಓಡಿತ್ತು. ಬಂದ ಸೌಂಡ್ ಹಿಂತಿರುಗಿ ಎಲ್ಲಿಗೆ ಹೋಗುತ್ತದೆ ಎಂಬುದು ಹೊಳೆಯಲಿಲ್ಲ.

ಶುಕ್ರವಾರ ಜುಮಾ ಮುಗಿಸಿ ಜನ ಬಂದರು. ನಿಕಾಹ್ ಎಂದರೆ ಒಬ್ಬನೇ ಕೂತು ನೋಡುವ ವಿಷಯವಲ್ಲ. ಅಪ್ಪನ ಪಕ್ಕದಲ್ಲಿ ನಾಲ್ಕು ಜನ ಗಂಡಸರು ಬಿಳಿ ಅಂಗಿ ಹಾಕಿ, ಅತ್ತರು ಹಚ್ಚಿ ಕೂರಬೇಕು. ರೂಮಿನ ಜೊತೆಗಾರ ಸರ್ಫರಾಝ್ ಬಂದ, ಅಂಗಡಿಯ ಹುಡುಗರು ಬಂದರು, ಊರ ಜಮಾಅತಿನ ಕೆಲವರು ಬಂದರು. ಸುರತ್ಕಲ್ ಕಡೆಯ ಲತೇಶ್ ಅಲ್ ವುಕೈರ್‌ನಿಂದ ಕಾರು ಬಿಟ್ಟುಕೊಂಡು ಬಂದ. ಅವನು ಒಂದು ಕಂಪನಿಯ ಆಫೀಸಿನಲ್ಲಿದ್ದವನು, ಮೊದಲು ಗಿರಾಕಿಯಾಗಿ ಬಂದು ಆಮೇಲೆ ಸ್ನೇಹಿತನಾದವನು.

"ಎಂತ ಬ್ಯಾರಿಗಳೇ, ಮದುಮಗನ ಹಾಗೆ ಕಾಣ್ತೀರಲ್ಲ" ಎಂದ ಲತೇಶ್. "ಸುಬೈದಕ್ಕ ನೋಡಿದ್ರೆ ಇನ್ನೊಮ್ಮೆ ನಿಕಾಹ್ ಅಂತಾರೆ."

"ಅವ್ರು ಎಂತ ಅನ್ನುವುದು! ಅಲಿಯಬ್ಬಾಕ ಮೂರು ದಿನದಿಂದ ಬಾತ್‌ರೂಮಿನಲ್ಲಿ ಡಯಲಾಗ್ ಪ್ರಾಕ್ಟೀಸ್" ಎಂದ ಸರ್ಫರಾಝ್. "ನೀರು ಬಿಟ್ಟು ಹೇಳ್ತಾರೆ, ನಮಗೆ ಕೇಳಬಾರದು ಅಂತ."

ಎಲ್ಲರೂ ನಕ್ಕರು. ಅಲಿಯಬ್ಬನೂ ನಕ್ಕ. ಬಿರಿಯಾನಿಯ ತಟ್ಟೆಗಳು ಓಡಾಡಿದವು. ಅವನಿಗೆ ತುತ್ತು ಇಳಿಯಲಿಲ್ಲ. ಕೈ ತೊಳೆದು ಲ್ಯಾಪ್‌ಟಾಪಿನ ಎದುರು ಕೂತ.

ಪರದೆಯ ಮೇಲೆ ಹಾಲ್ ತೆರೆದುಕೊಂಡಿತು. ವೇದಿಕೆ, ಬಿಳಿ ಹಾಸು, ನಡುವೆ ಮದುಮಗ, ಪಕ್ಕದಲ್ಲಿ ಖತೀಬರು. ಇನ್ನೊಂದು ಪಕ್ಕದಲ್ಲಿ ಹೊಸ ಶಾಲು ಹೊದ್ದ ಅಶ್ರಫ್ ಹಾಜಿ. ಅಲ್ಲಿಯ ವಿಡಿಯೋದವನು ತನ್ನ ಲ್ಯಾಪ್‌ಟಾಪನ್ನು ಹಾಲಿನ ಮೈಕಿನ ಪೆಟ್ಟಿಗೆಗೆ ಜೋಡಿಸಿದ್ದ. ಇಲ್ಲಿ ಮಾತಾಡಿದ್ದು ಅಲ್ಲಿ ಗಂಡಸರ ಸಭೆಗೂ ಒಳಗೆ ಹೆಂಗಸರ ಸಭೆಗೂ ಸ್ಪೀಕರಿನಲ್ಲಿ ಕೇಳಬೇಕು ಎಂದು ಹಾಜಿಯೇ ಮಾಡಿಸಿದ ಏರ್ಪಾಡು. ನಿಕಾಹ್‌ಗೆ ಮೊದಲಿನ ಪ್ರವಚನ, ಖತೀಬರ ಖುತುಬಾ, ಶುರುವಾಯಿತು. ಮಜ್ಲಿಸಿನಲ್ಲಿ ಎ.ಸಿ.ಯ ಸದ್ದು, ತಟ್ಟೆಗಳ ಸದ್ದು.

"ಕೇಳುವುದಿಲ್ಲ ಅಲಿಯಬ್ಬಾಕ, ಸ್ವಲ್ಪ ಜೋರು ಇಡಿ" ಎಂದು ಹಿಂದಿನಿಂದ ಯಾರೋ ಕೂಗಿದರು.

ಅಲಿಯಬ್ಬ ರಿಸೀವರಿನ ಗುಂಡಿಯನ್ನು ತಿರುಗಿಸಿದ.

"ಇನ್ನೂ ಸ್ವಲ್ಪ. ಐದು ಸ್ಪೀಕರ್ ಇಟ್ಟು ಹಾಜಿಯ ಮರ್ಯಾದೆ ತೆಗೀಬೇಡಿ" ಎಂದ ಸರ್ಫರಾಝ್.

ಇನ್ನೂ ತಿರುಗಿಸಿದ. ಖತೀಬರ ದನಿ ಕೋಣೆಯ ಮೂಲೆ ಮೂಲೆಯಿಂದ ಎದ್ದು ಬಂತು. ಜನ ಮಾತು ನಿಲ್ಲಿಸಿ ನೆಟ್ಟಗೆ ಕೂತರು. ಹಾಲಿನಲ್ಲೇ ಇದ್ದ ಹಾಗಾಯಿತು. ಅಲಿಯಬ್ಬನ ಎದೆ ತುಂಬಿ ಬಂತು.

ಖುತುಬಾ ಮುಗಿಯಿತು. ಖತೀಬರು ಪರದೆಯ ಕಡೆ ತಿರುಗಿ, "ಮದುಮಗಳ ತಂದೆ ಅಲಿಯಬ್ಬನವರು ಕತಾರಿನಲ್ಲಿದ್ದಾರೆ. ವಕಾಲತ್ತಿನ ಮಾತನ್ನು ಅವರೇ ಹೇಳಬೇಕು" ಎಂದರು. ವಿಡಿಯೋದವನು ಅದುವರೆಗೆ ಅಲ್ಲಿಂದಲೇ ಮುಚ್ಚಿಟ್ಟಿದ್ದ ಈ ಕಡೆಯ ಮೈಕನ್ನು ತೆರೆದ.

ಅಲಿಯಬ್ಬ ಬಾಯಿ ತೆರೆಯುವಷ್ಟರಲ್ಲಿ, "ಅವರೇ ಹೇಳಬೇಕು" ಎಂಬ ಖತೀಬರ ಮಾತು ಮಜ್ಲಿಸಿನ ಐದು ಸ್ಪೀಕರುಗಳಿಂದ ಬಂದು, ಲ್ಯಾಪ್‌ಟಾಪಿನ ಮೈಕಿಗೆ ಬಿದ್ದು, ಉಪ್ಪಿನಂಗಡಿಯ ಹಾಲಿನ ಸ್ಪೀಕರಿನಿಂದ ಹೊರಬಿದ್ದು, ಅಲ್ಲಿಯ ಮೈಕಿಗೆ ಸಿಕ್ಕಿ ಮತ್ತೆ ಇಲ್ಲಿಗೆ ಬಂತು. ಹೇಳಬೇಕು, ಹೇಳಬೇಕು, ಬೇಕು, ಬೇಕು. ಹಿಂದೆಯೇ ಒಂದು ಊಳು ಎದ್ದಿತು, ಗಾಯವಾದ ನಾಯಿಯ ಹಾಗೆ. ಅಲ್ಲಿ ಜನ ಕಿವಿ ಮುಚ್ಚಿಕೊಂಡದ್ದು ಕಾಣಿಸಿತು. ಮದುಮಗ ಬೆಚ್ಚಿ ತಲೆಯ ಟೊಪ್ಪಿ ಹಿಡಿದುಕೊಂಡ. ಒಬ್ಬ ಮುದುಕರು ಎದ್ದೇ ನಿಂತರು.

"ನನ್ನ ಮಗಳು ರೈಹಾನಾಳ..." ಎಂದು ಅಲಿಯಬ್ಬ ಕೂಗಿದ. ಅವನ ದನಿಯೇ ಒಡೆದು ಚೂರಾಗಿ ಅವನ ಮೇಲೆಯೇ ಬಂದು ಬಿತ್ತು.

ಆಗ ಹೊಳೆಯಿತು. ಬಂದ ಸೌಂಡಿಗೆ ಹಿಂದಕ್ಕೆ ದಾರಿ ಮಾಡಿಕೊಟ್ಟವನು ತಾನೇ. ಒಬ್ಬನೇ ಕೂತು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದರೆ ಆಗಿತ್ತು. ನಾಲ್ಕು ಜನ ಕೇಳಲಿ, ದೊಡ್ಡದಾಗಿ ಕೇಳಲಿ ಎಂದು ಆಸೆಪಟ್ಟದ್ದಕ್ಕೆ ಹೀಗಾಯಿತು. ಅವನು ಬಗ್ಗಿ ರಿಸೀವರಿನ ವೈರನ್ನು ಲ್ಯಾಪ್‌ಟಾಪಿನಿಂದ ಕಿತ್ತ. ಕೋಣೆ ಒಮ್ಮೆಲೇ ಸ್ತಬ್ಧವಾಯಿತು. ಚೀಲದಲ್ಲಿದ್ದ ಇಯರ್‌ಫೋನಿಗಾಗಿ ತಡಕಾಡಿದ. ಚೀಲದ ತುಂಬ ಜಗತ್ತಿನ ವೈರುಗಳೆಲ್ಲ ಇದ್ದವು, ಇಯರ್‌ಫೋನ್ ಮಾತ್ರ ಕೈಗೆ ಸಿಗಲಿಲ್ಲ. ಲತೇಶ್ ತನ್ನ ಕಿಸೆಯಿಂದ ತೆಗೆದುಕೊಟ್ಟ. ಅದನ್ನು ಸಿಕ್ಕಿಸಿ ತಲೆಯೆತ್ತಿ ನೋಡುವಾಗ ಪರದೆಯ ಮೂಲೆಯಲ್ಲಿದ್ದ ಅವನ ಚಿತ್ರದ ಕೆಳಗೆ ಮೈಕಿನ ಗುರುತಿನ ಮೇಲೆ ಕೆಂಪು ಗೆರೆ ಬಿದ್ದಿತ್ತು. ಅಲ್ಲಿಂದ ಅವನ ಬಾಯಿ ಮುಚ್ಚಿಸಿದ್ದರು.

ಅಶ್ರಫ್ ಹಾಜಿ ವಿಡಿಯೋದವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿ ಹಿಂತಿರುಗುತ್ತಿದ್ದ. ಊಳು ನಿಲ್ಲಿಸು ಎಂದು ಹೇಳಿರಬಹುದು. ಯಾರೇ ಆದರೂ ಅದನ್ನೇ ಹೇಳುತ್ತಿದ್ದರು. ಅಲಿಯಬ್ಬ ಕೈ ಬೀಸಿದ. ಎರಡೂ ಕೈ ಬೀಸಿದ. ಈಗ ಸರಿಯಾಗಿದೆ, ತೆರೆಯಿರಿ ಎಂದು ಸನ್ನೆ ಮಾಡಿದ. ದೊಡ್ಡ ಪರದೆಯ ಮೂಲೆಯಲ್ಲಿ ಬೆರಳ ಗಾತ್ರದ ಒಬ್ಬ ಮನುಷ್ಯ ನೀರಿನಲ್ಲಿ ಮುಳುಗುವವನ ಹಾಗೆ ಕೈಯಾಡಿಸುತ್ತಿದ್ದುದನ್ನು ಮಜ್ಲಿಸಿನವರೆಲ್ಲ ನೋಡಿದರು.

ಇಯರ್‌ಫೋನಿನಲ್ಲಿ ಹಾಜಿಯ ದನಿ ಅವನೊಬ್ಬನಿಗೆ ಮಾತ್ರ ಕೇಳುತ್ತಿತ್ತು. "ಲೈನ್ ಸರಿಯಿಲ್ಲ ಉಸ್ತಾದ್. ಭಾವ ನನಗೆ ಮೊದಲೇ ಹೇಳಿದ್ದಾರೆ, ಎಲ್ಲ ನೀನೇ ನೋಡ್ಕೋ ಅಂತ. ನಾನೇ ವಕೀಲ್. ಹೊತ್ತು ಮೀರ್ತಾ ಉಂಟು, ಮಗ್ರಿಬಿನ ಬಾಂಗಿನ ಮೊದಲು ಊಟ ಆಗ್ಬೇಕು ಜನಕ್ಕೆ." ಹೇಳುತ್ತಲೇ ಅವನು ಮದುಮಗನ ಎದುರು ಬಂದು ಕೂತ, ಕೈ ಚಾಚಿದ. ಮದುಮಗ ಆ ಕೈ ಹಿಡಿದ.

"ಹಾಗಾಗುವುದಿಲ್ಲ ಹಾಜಿ" ಎಂದರು ಖತೀಬರು. ಅವರ ಮೇಲೆ ಅಲಿಯಬ್ಬನಿಗೆ ಆ ಕ್ಷಣ ಎಷ್ಟು ಪ್ರೀತಿ ಬಂತೆಂದರೆ ಕಣ್ಣು ಮಂಜಾಯಿತು. "ವಲಿಯ ಬಾಯಿಂದ ನಾನೊಮ್ಮೆ ಕೇಳಬೇಕು. ಫೋನ್ ಮಾಡಿ."

ಅಲಿಯಬ್ಬನ ಮೊಬೈಲ್ ಬಡಿದುಕೊಂಡಿತು. ಅವನು ಕಿವಿಯಿಂದ ಇಯರ್‌ಫೋನ್ ಕಿತ್ತು ಮೊಬೈಲ್ ಎತ್ತಿದ. ಪರದೆಯ ಮೇಲೆ ಖತೀಬರು ಒಂದು ಮೊಬೈಲನ್ನು ಮೈಕಿನ ಹತ್ತಿರ ಹಿಡಿದದ್ದು ಕಾಣುತ್ತಿತ್ತು.

"ಅಸ್ಸಲಾಮು ಅಲೈಕುಂ, ಅಲಿಯಬ್ಬಾಕ. ಕೇಳ್ತದಾ?"

"ವ ಅಲೈಕುಮುಸ್ಸಲಾಂ. ಕೇಳ್ತದೆ ಉಸ್ತಾದ್, ಕೇಳ್ತದೆ."

"ನಿಮ್ಮ ಮಗಳನ್ನು ನಿಕಾಹ್ ಮಾಡಿಕೊಡಲಿಕ್ಕೆ ಅಶ್ರಫ್ ಹಾಜಿಯವರಿಗೆ ವಕಾಲತ್ತು ಕೊಟ್ಟಿದ್ದೀರಿ, ಹೌದಲ್ವಾ? ಸಾಕ್ಷಿಗಳು ಕೇಳ್ತಾ ಇದ್ದಾರೆ."

ನೀರು ಬಿಟ್ಟುಕೊಂಡು ಕಲಿತ ವಾಕ್ಯ ಅಲಿಯಬ್ಬನ ನಾಲಗೆಯ ಮೇಲೇ ಇತ್ತು. ಆದರೆ ಅದು ಯಾರೂ ಏನೂ ಕೇಳದೆ ಇದ್ದಾಗ ಹೇಳಬೇಕಾದ ವಾಕ್ಯ. ಈಗ ಕೇಳಿದ್ದಕ್ಕೆ ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರ.

"ಉಸ್ತಾದ್, ನಾನು ನಿಮಗೆ..."

"ಸ್ವಲ್ಪ ಜೋರು ಹೇಳಿ. ಇಲ್ಲಿ ಗಲಾಟೆ. ಹಾಜಿಯವರಿಗೆ ಅಲ್ವಾ?"

ಪರದೆಯ ಮೇಲೆ ಹಾಜಿ ಕ್ಯಾಮೆರಾದ ಕಡೆ ತಿರುಗಿ ನಗುತ್ತಿದ್ದ. ಅದು ಗೆದ್ದವನ ನಗುವಾಗಿರಲಿಲ್ಲ. ನಾನಿದ್ದೇನೆ, ಗಾಬರಿ ಬೇಡ ಭಾವ ಎನ್ನುವ ನಗು. ಅವನ ಕೈಯಲ್ಲಿ ಮದುಮಗನ ಕೈ ಇತ್ತು. ಮದುಮಗನ ತಂದೆ, ಚಿಕ್ಕಪ್ಪಂದಿರು, ಇಡೀ ಸಭೆ ಆ ಎರಡು ಕೈಗಳನ್ನು ನೋಡುತ್ತಿತ್ತು. ಅಲ್ಲ ಎಂದರೆ ಆ ಕೈ ಬಿಡಿಸಬೇಕು. ಹಾಜಿ ಅಷ್ಟು ಜನರ ಎದುರು ಎದ್ದು ಪಕ್ಕಕ್ಕೆ ಹೋಗಿ ಕೂರಬೇಕು. ಸುಬೈದಾ ಅಣ್ಣನ ಮುಖ ನೋಡಬೇಕು. ಹುಡುಗನ ಕಡೆಯವರು ಇದೇನು ಮನೆಯೊಳಗೆ ಒಡಕು ಎಂದು ಒಬ್ಬರ ಮುಖ ಒಬ್ಬರು ನೋಡಬೇಕು. ಮಜ್ಲಿಸಿನಲ್ಲಿ ಹಾಜಿಯ ಬಿರಿಯಾನಿ ತಿಂದು, ಹಾಜಿಯ ಸೋಫಾಗಳಲ್ಲಿ ಕೂತ ಜನ ಅಲಿಯಬ್ಬನ ಬಾಯಿಯನ್ನೇ ನೋಡುತ್ತಿದ್ದರು. ಅಲ್ಲ ಎನ್ನಲು ಒಂದು ಉಸಿರು ಸಾಕು. ಆ ಉಸಿರನ್ನು ಅವನು ಎಳೆದುಕೊಂಡದ್ದೂ ಹೌದು.

"ಹೌದು" ಎಂದ.

"ಯಾರಿಗೆ? ಹೆಸರು ಹೇಳಿ."

"ಅಶ್ರಫ್ ಹಾಜಿಗೆ."

"ಅಲ್‌ಹಮ್ದುಲಿಲ್ಲಾಹ್" ಎಂದರು ಖತೀಬರು. ಫೋನ್ ಕಡಿದುಹೋಯಿತು.

"ಖಲಾಸ್! ಆಯ್ತಲ್ಲ, ಇನ್ನು ಸೌಂಡ್ ಕೊಡಿ ಮಾರಾಯ್ರೆ" ಎಂದ ಸರ್ಫರಾಝ್. "ಮುಖ್ಯವಾದದ್ದೇ ತಪ್ಪಿಹೋಗ್ತದೆ. ಯಲ್ಲಾ, ಬೇಗ."

ಬಿದ್ದಿದ್ದ ವೈರಿನ ತುದಿಯನ್ನು ಅಲಿಯಬ್ಬ ನೋಡಿದ. ಬೇರೆ ಯಾರಾದರೂ ಸಿಕ್ಕಿಸಲಿ ಎಂದುಕೊಂಡ. ಆದರೆ ಇಂಥ ಕೆಲಸಕ್ಕೆ ಆ ಕೋಣೆಯಲ್ಲಿದ್ದ ಎಲ್ಲರೂ ಅವನ ಕಡೆಗೇ ನೋಡಿ ಅಭ್ಯಾಸವಾದವರು. ಬಗ್ಗಿ, ಇಯರ್‌ಫೋನ್ ತೆಗೆದು, ವೈರನ್ನು ಅದರ ಜಾಗಕ್ಕೆ ಒತ್ತಿದ. ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಎಳೆದೂ ನೋಡಿದ, ಕೈಗೆ ಬಂದ ಅಭ್ಯಾಸ ಬಿಡಲಿಲ್ಲ.

"...ನನ್ನ ವಕಾಲತ್ತಿನಲ್ಲಿರುವ, ಅಲಿಯಬ್ಬರ ಮಗಳು ರೈಹಾನಾಳನ್ನು ನಿನಗೆ ನಿಕಾಹ್ ಮಾಡಿಕೊಟ್ಟಿದ್ದೇನೆ..." ಅಶ್ರಫ್ ಹಾಜಿಯ ದನಿ ಐದು ಸ್ಪೀಕರುಗಳಿಂದ ಸ್ವಚ್ಛವಾಗಿ, ತುಂಬಿಕೊಂಡು ಬಂತು. ತುಟಿಗೂ ಮಾತಿಗೂ ಕೂದಲೆಳೆಯ ಅಂತರವಿರಲಿಲ್ಲ. ಗುಂಯ್ ಎಂಬ ಸದ್ದೂ ಇರಲಿಲ್ಲ. ಅಷ್ಟು ಚೆನ್ನಾದ ಜೋಡಣೆಯನ್ನು ಅಲಿಯಬ್ಬ ಅದುವರೆಗೆ ಮಾಡಿರಲಿಲ್ಲ.

ಮದುಮಗ ಒಪ್ಪಿಕೊಂಡ. ದುವಾಕ್ಕೆ ಅಲ್ಲಿ ಕೈಗಳೆದ್ದವು, ಇಲ್ಲಿಯೂ ಎದ್ದವು. ಜನ ಬಂದು ಅಲಿಯಬ್ಬನನ್ನು ತಬ್ಬಿಕೊಂಡರು. ಜಮಾಅತಿನ ಹಿರಿಯರೊಬ್ಬರು, "ಹಾಜಿಯಂಥ ಭಾವಂದಿರು ಸಿಗಬೇಕಾದ್ರೆ ಪುಣ್ಯ ಬೇಕು ನೋಡಿ. ಅಪ್ಪನ ಜಾಗದಲ್ಲಿ ನಿಂತು ಕೊಟ್ಟ" ಎಂದರು. "ಹೌದು, ಹೌದು" ಎಂದ ಅಲಿಯಬ್ಬ. ಒಮ್ಮೆ ಬಾಯಿಗೆ ಬಂದ ಮಾತು ಎರಡನೆಯ ಸಲಕ್ಕೆ ಸುಲಭವಾಗುತ್ತದೆ.

ಲತೇಶ್ ಮಾತ್ರ ಏನನ್ನೋ ಗಮನಿಸಿದ ಹಾಗಿತ್ತು. "ಎಂತ ಬ್ಯಾರಿಗಳೇ, ಮುಖ ಯಾಕೆ ಹಾಗೆ? ಮಗಳನ್ನು ಕೊಟ್ಟ ಮೇಲೆ ಎಲ್ರಿಗೂ ಹಾಗೇ" ಎಂದು ತಾನೇ ಉತ್ತರವನ್ನೂ ಹೇಳಿ ಹೆಗಲು ತಟ್ಟಿದ.

ಚಾ ಕುಡಿಯುವ ಹೊತ್ತಿಗೆ ರೈಹಾನಾಳ ಫೋನ್ ಬಂತು. ಅಲಿಯಬ್ಬ ಮೊಬೈಲ್ ಹಿಡಿದು ವಿಲ್ಲಾದ ಹೊರಗೆ, ನೀರಿನ ಟ್ಯಾಂಕಿನ ನೆರಳಿಗೆ ಹೋದ. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಆ ಕಡೆಯಿಂದ ಹೆಂಗಸರ ನಗು, ಮಕ್ಕಳ ಕೂಗು.

"ಉಪ್ಪ."

"ಮಗಳೇ. ಅಲ್ಲಾಹು ಬರಕತ್ತು ಕೊಡಲಿ. ಚೆಂದ ಆಯ್ತಾ ಎಲ್ಲ?"

"ಆಯ್ತು."

ಅವಳು ಕೇಳುವ ಮೊದಲೇ ಅವನು, ಗಿರಾಕಿಗೆ ವಿವರಿಸುವ ಹಾಗೆ ಶುರುಮಾಡಿದ. "ಸೌಂಡ್ ಕೈಕೊಟ್ಟಿತು ಮಗಳೇ. ರಿಸೀವರಿನದ್ದು ಮೈಕಿಗೆ ಬಿದ್ದು ತಿರುಗಿ ಅಲ್ಲಿಗೆ ಹೋಯ್ತು. ನಾನು ಹೇಳ್ತಾ ಇದ್ದೆ, ನಿಮಗೆ ಯಾರಿಗೂ ಕೇಳಲಿಲ್ಲ. ಅಲ್ಲಿಂದ ಮ್ಯೂಟ್ ಮಾಡಿದ್ರು. ನಾನು ಖತೀಬರ ಹೆಸರೇ ಹೇಳ್ಬೇಕು ಅಂತ... ಲೈನ್ ಸರಿಯಿದ್ದಿದ್ರೆ..."

"ಉಪ್ಪ" ಎಂದಳು ರೈಹಾನಾ. "ಫೋನಿನದ್ದು ಇಲ್ಲಿ ಒಳಗಿನ ಸ್ಪೀಕರಿನಲ್ಲಿ ಬಂತು. ಉಮ್ಮ, ಅತ್ತೆಯವ್ರು, ನಾನು, ಎಲ್ಲ ಕೇಳಿದೆವು. ಉಸ್ತಾದ್ ಎರಡು ಸಲ ಕೇಳಿದ್ರು."

ಅಲಿಯಬ್ಬ ಟ್ಯಾಂಕಿನ ಗೋಡೆಗೆ ಕೈಯಿಟ್ಟ. ಅದು ಸುಡುತ್ತಿತ್ತು, ಆದರೂ ತೆಗೆಯಲಿಲ್ಲ.

"ಸರಿಯಾಗಿ ಕೇಳಿತಾ?" ಎಂದ. ಇದನ್ನು ಯಾಕೆ ಕೇಳಿದೆನೆಂದು ಅವನಿಗೇ ತಿಳಿಯಲಿಲ್ಲ.

"ಕೇಳಿತು ಉಪ್ಪ. ಒಂದೊಂದು ಶಬ್ದವೂ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಹಿಂದಿನಿಂದ ಅಶ್ರಫ್ ಹಾಜಿ ಅವಳನ್ನು ಕರೆಯುವುದು ಕೇಳಿಸಿತು: "ಎಲ್ಲಿ ನಾನು ಕೊಟ್ಟ ಹುಡುಗಿ? ಫೋಟೋಕ್ಕೆ ಬಾ ಮಗಳೇ, ಹುಡುಗನ ಕಡೆಯವ್ರು ಕಾಯ್ತಾ ಇದ್ದಾರೆ."

"ಬಂದೆ ಮಾಮ" ಎಂದಳು ಅವಳು. ಆಮೇಲೆ ಅಪ್ಪನಿಗೆ, "ನೀವು ಊಟ ಮಾಡಿದ್ರಾ?" ಎಂದು ಕೇಳಿದಳು.

"ಮಾಡಿದೆ" ಎಂದ ಅಲಿಯಬ್ಬ. ಅದೂ ಸುಳ್ಳು.